ಕೊಲೋನಿನ ರಾಣಿಯೂ ನಮ್ಮ ಗೇಟಿನ ಫಲಕವೂ

ಇಂದು ಬೆಳಿಗ್ಗೆ ಹಾಲು ಕಾಯಿಸಿಟ್ಟು, ಬಾಗಿಲಿಗೆ ರಂಗೋಲಿ ಹಾಕಿ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ವರ್ಷದ ಖಾರಪುಡಿ ಮಾಡಿಸುವ ಕಾಲ. ತವರಾದ ಬ್ಯಾಡಗಿಯಿಂದ ತಮ್ಮ ಕಳಿಸಿದ ಸುಕ್ಕು ಸುಕ್ಕಾದ ಕಾಯಿ ಬಣ್ಣಕ್ಕೆ. ಇಲ್ಲಿ ರಾಣೆಬೆನ್ನೂರಿನ ಸಂತೆಯಲ್ಲಿ ಕೊಂಡ ಗುಂಟೂರು ಕಾಯಿ ಖಾರಕ್ಕೆ. ಕೈ ತೊಟ್ಟಿನ ಮೇಲಿದ್ದರೂ ಮನಸ್ಸು ಗೇಟಿನ ಮೇಲಿತ್ತು. ಹೊಸ ಗೇಟಿಗೆ ಹೆಸರಿನ ಫಲಕ ಬರೆಸಲು ಯಜಮಾನರು ಇಂದೇ ಹೊರಡುವವರಿದ್ದರು. ಅದರಲ್ಲಿ ನನ್ನ ಹೆಸರೂ ಇರಲಿ ಎಂದು ಕೇಳುವುದಕ್ಕೆ ವಾರದಿಂದ ಒಳಗೊಳಗೇ ಮಾತು ಕಟ್ಟುತ್ತಿದ್ದೆ.

ಅಷ್ಟರಲ್ಲಿ ಅವರು ತಲೆನೋವೆಂದು ಮಲಗಿದರು. ಒಳ್ಳೆಯ ಗಳಿಗೆ ಎಂದುಕೊಂಡೆ. ಹಾವೇರಿಯ ಕಾನ್ವೆಂಟಿನಲ್ಲಿ ನಮಗೆ ಜ್ವರ ಬಂದರೆ ಸಿಸ್ಟರು ಕರವಸ್ತ್ರಕ್ಕೆ ಕೊಲೋನ್ ಎಂಬ ಸುಗಂಧದ ನೀರು ಚಿಮುಕಿಸಿ ಹಣೆಗೆ ಹಾಕುತ್ತಿದ್ದರು. ಅಂದಿನಿಂದ ನನ್ನ ಕಪಾಟಿನಲ್ಲಿ ಅದರದೊಂದು ಶೀಶೆ ಇದ್ದೇ ಇರುತ್ತದೆ. ಅದನ್ನೇ ತಂದು, ಬಟ್ಟೆ ನೆನೆಸಿ, ಪ್ರೀತಿಯಿಂದ ಅವರ ಹಣೆಗೆ ಒತ್ತಿದೆ. ಕೈ ಮಾತ್ರ ತೊಳೆದಿರಲಿಲ್ಲ.

“ಅಯ್ಯಯ್ಯೋ, ಏನ್ ಹಚ್ಚಿದಿ? ಉರಿಯಾಕತ್ತೈತಿ! ನಿನ್ನ ತವರುಮನಿ ಖಾರಕ್ಕ ನನ್ನ ಹಣೀನ ಬೇಕಾಗಿತ್ತೇನು?”

“ಅದು ಗುಂಟೂರಿಂದ್ರಿ. ನಮ್ಮ ಬ್ಯಾಡಗೀದು ಇಷ್ಟು ಉರಿಯೂದಿಲ್ಲ.”

ತವರಿನ ಮಾನವೇನೋ ಉಳಿಯಿತು, ಕಟ್ಟಿಟ್ಟ ಮಾತು ಚದುರಿಹೋಯಿತು. ಕೆಂಪು ಹಣೆ ಹೊತ್ತು ಅವರು ಹೊರಟಾಗ ಗೇಟಿನ ತನಕ ಹಿಂದೆಯೇ ಹೋಗಿ ಹೇಗೋ ಕೇಳಿಬಿಟ್ಟೆ. “ನೋಡೂಣು, ಜಾಗಾ ಉಳದ್ರ ಬರಸ್ತೇನಿ” ಎಂದರು.

ಶೀಶೆ ಎತ್ತಿಡುತ್ತ ಕೊಲೋನಿನದೇ ಯೋಚನೆ. ಅದು ಜರ್ಮನಿಯ ಊರು. ಅಲ್ಲಿಯವರ ಬಾಯಲ್ಲಿ ಕೋಲ್ನ್. ಫ್ರೆಂಚರು ಮೆದುಮಾಡಿ ಕೊಲೋನ್ ಎಂದರು. ಅಂಗಡಿಯವನಿಗೆ ಅದು ಬರೀ ಸುಗಂಧ. ನಮ್ಮ ಸಿಸ್ಟರಿಗೋ, ಬಾಲ ಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳ ಅಸ್ಥಿ ಇದೆಯೆಂದು ನಂಬುವ ದೊಡ್ಡ ಚರ್ಚಿನ ಊರು. ಮೂಲದ ಅರ್ಥ ಮಾತ್ರ ಬಲು ಸಾದಾ: ಕಾಲೊನಿ. ರೋಮಿನವರು ದುಡಿದು ಮುಗಿಸಿದ ಸೈನಿಕರನ್ನು ನೆಲೆಗೊಳಿಸಿದ ಜಾಗ. ನಮ್ಮ ಕಾಲೊನಿಯ ಹಾಗೆಯೇ. ಇಲ್ಲಿ ಸೈನಿಕರ ಬದಲು ನಿವೃತ್ತ ಬ್ಯಾಂಕಿನವರು.

ಅಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಮುಂದೆ ರೋಮಿನ ಚಕ್ರವರ್ತಿಯ ರಾಣಿಯಾದಳು. ತವರನ್ನು ಮರೆಯದೆ, ಗಂಡನಿಗೆ ಹೇಳಿ ಅದಕ್ಕೆ ಕಾಲೊನಿಯ ಪದವಿ ಕೊಡಿಸಿದಳು. ಊರಿಗಿಟ್ಟ ಉದ್ದನೆಯ ಹೆಸರಿನಲ್ಲಿ ಗಂಡನ ಹೆಸರಿನ ಜತೆಗೆ ತನ್ನದೂ ಸೇರಿತು. ಹೇಗೆ ಕೇಳಿದ್ದಳೋ! ಕೊನೆಗೆ ಆ ಗಂಡನಿಗೆ ಅಣಬೆಯಲ್ಲಿ ವಿಷವಿಕ್ಕಿದಳೆಂಬ ಮಾತೂ ಇದೆ. ಅದರ ಮುಂದೆ ನನ್ನ ಗುಂಟೂರು ಎಷ್ಟೋ ವಾಸಿ. ಆದರೆ ಊರನ್ನು ಅಷ್ಟುದ್ದ ಕರೆಯಲು ಜನಕ್ಕೆ ಪುರುಸೊತ್ತೆಲ್ಲಿ? ಗಂಡ ಹೆಂಡತಿ ಇಬ್ಬರನ್ನೂ ಉದುರಿಸಿ ಕಾಲೊನಿಯನ್ನಷ್ಟೇ ಉಳಿಸಿಕೊಂಡರು.

ನಮ್ಮ ಕಡೆಯ ರೂಢಿ ಬೇರೆ. ಬಂದ ಸೊಸೆಯನ್ನು ಅವಳ ತವರೂರಿನಿಂದಲೇ ಕರೆಯುತ್ತಾರೆ. ಎಲ್ಲೆಲ್ಲೋ ಬೆಳೆದ ಕಾಯಿ ಬ್ಯಾಡಗಿಯ ಪೇಟೆ ಹೊಕ್ಕು ಬ್ಯಾಡಗಿ ಕಾಯಿಯಾಗುತ್ತದೆ. ನಾನು ಬ್ಯಾಡಗಿ ಬಿಟ್ಟು ಬಂದು ಬ್ಯಾಡಗಿ ಅಕ್ಕಾರಾದೆ, ಹಾಲಿನವನಿಂದ ಹಿಡಿದು ಓಣಿಯ ಎಲ್ಲರಿಗೂ. ಅದೂ ಪ್ರೀತಿಯೇ. ಆದರೂ ಅಪ್ಪ ಇಟ್ಟ ಹೆಸರೊಂದಿದೆಯಲ್ಲ, ಅದನ್ನೂ ಒಮ್ಮೆ ಬಿಸಿಲಿಗೆ ಹಾಕಬೇಕೆನಿಸಿತ್ತು.

ಸಂಜೆ ಫಲಕ ಬಂತು. ಅವರ ಹೆಸರಿನ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ವಸುಂಧರಾ. ಜಾಗವೇನೂ ಉಳಿದಿರಲಿಲ್ಲವಂತೆ, ಬ್ಯಾಂಕಿನ ತಮ್ಮ ಹುದ್ದೆಯನ್ನು ತೆಗೆಸಿದ್ದರು. ಹಣೆ ಇನ್ನೂ ತುಸು ಕೆಂಪಗಿತ್ತು. ಫಲಕದ ಮೇಲಿನ ಇಲ್ಲದ ಧೂಳನ್ನು ಸೆರಗಿನಿಂದ ನಾನು ಎರಡೆರಡು ಸಲ ಒರೆಸಿದೆ.

ಪಕ್ಕದ ಮನೆಯ ಗಂಗಕ್ಕ ಹಿತ್ತಿಲ ಕೊತ್ತಂಬರಿ ಕೊಡಲು ಬಂದವಳು ಗೇಟಿನಲ್ಲೇ ನಿಂತು, ಅಕ್ಷರ ಅಕ್ಷರ ಕೂಡಿಸಿ ಓದಿದಳು.

“ವಸುಂಧರಾ... ಮ್ಯಾಲಿನ ಮನಿಗೆ ಹೊಸದಾಗಿ ಬಾಡಿಗಿಗೆ ಬಂದಾರೇನ್ರಿ, ಬ್ಯಾಡಗಿ ಅಕ್ಕಾರ?”