ಎಂಟು ಸೆಕೆಂಡಿನ ಜೋಕಾಲಿ

೧೪ ಮೇ ೨೦೦೬, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತೆ. ಇಂಡಿ ಊರಿನ ನಮ್ಮ ಮನೆಯ ಜಂತಿಗೆ ಕಟ್ಟಿದ ತೊಟ್ಟಿಲು ಕಿರ್‍ ಎನ್ನುತ್ತಿದೆ. ಅಣ್ಣನ ಮಗ ಮಲಗಲೊಲ್ಲ. ಅವನ ತಾಯಿ ವೈನಿಗೂ ನನಗೂ ಒಪ್ಪಂದ: ನೂರು ತೂಗು ಅವರದು, ನೂರು ನನ್ನದು. ಈಗ ವೈನಿಯ ಪಾಳಿ. ಹಗ್ಗದ ಆ ಸದ್ದು ಕೇಳಿದರೆ ನನಗೆ ಹೂವಿನ ಹಿಪ್ಪರಗಿಯ ಅತ್ತಿ ನೆನಪಾಗುತ್ತಾಳೆ. ನನ್ನ ಪಾಲಿನ ಜೋಕಾಲಿಯನ್ನು ನನ್ನದೇ ಲೆಕ್ಕದೊಳಗೆ ಕದ್ದವಳು.

ಅತ್ತಿ ಅಂದರೆ ಅಪ್ಪನ ತಂಗಿ. ನಾಗರಪಂಚಮಿಗೆ ತಪ್ಪದೆ ತವರಿಗೆ ಬರುವಳು. ಆಗ ನಾವು ತಾಂಬಾದಲ್ಲಿದ್ದೆವು. ಒಂದು ಡಬ್ಬಿ ಶೇಂಗಾ ಉಂಡಿ, ಒಂದು ಮೊಣಕಾಲು ನೋವು, ಇಷ್ಟೇ ಅವಳ ಸಾಮಾನು. ೧೯೯೯ರಲ್ಲಿ ನಾನು ಒಂಬತ್ತನೆಯ ತರಗತಿ. ಲೋಲಕದ ಪಾಠ ಆಗಷ್ಟೇ ಮುಗಿದಿತ್ತು. ಅಪ್ಪನ ಕೈಗಡಿಯಾರ ಕಟ್ಟಿಕೊಂಡು ತೂಗಾಡುವುದನ್ನೆಲ್ಲ ಎಣಿಸುತ್ತಿದ್ದೆ. ಎಮ್ಮೆಯ ಬಾಲವನ್ನೂ ಬಿಟ್ಟಿರಲಿಲ್ಲ. ‘ಕಾಲ ಸಮ ಇಲ್ಲ, ನೊಣ ಕೂತರೆ ಲೆಕ್ಕ ತಪ್ಪುತ್ತದೆ’ ಎಂದು ಡೈರಿಯಲ್ಲಿದೆ.

ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದೊಡನೆ ಕಾನೂನು ಮಾಡಿದವಳೂ ನಾನೇ: ಹೋಗಿ ಬಂದರೆ ಒಂದು, ಒಬ್ಬರಿಗೆ ನಲವತ್ತು. ಅದು ಬಾವಿಯ ಹಗ್ಗ, ಸಂಜೆಗೆ ಬಿಚ್ಚಲೇಬೇಕು. ಅಷ್ಟರೊಳಗೆ ನನ್ನ ಪಾಲು ಒಂದು ಜೀಕೂ ಕಡಿಮೆಯಾಗಬಾರದೆಂದು ನನ್ನ ಹಟ.

ಅತ್ತಿ ಹತ್ತುವ ಮೊದಲು ಪ್ರತಿಸಲ, “ಮೊಣಕಾಲ ನೋವು ಐತವಾ, ಒಂದ್ ಮೊಳ ಇಳಿಸು” ಅನ್ನುವಳು. ಇಳಿದ ಮೇಲೆ ತಾನೇ ಎರಡೂ ಹಗ್ಗಕ್ಕೆ ಗಂಟು ಹಾಕಿ ಗಿಡ್ಡ ಮಾಡುವಳು. “ನಿನ್ನ ಹೊಸಾ ಲಂಗ ಮಣ್ಣಾಗತೈತಿ.” ಎಂಥ ಕಾಳಜಿ ಎಂದುಕೊಂಡೆ.

ಮೂರನೆಯ ಪಾಳಿಗೆ ಅನುಮಾನ ಬಂತು. ಅವಳ ನಲವತ್ತಕ್ಕೆ ಮೂರು ನಿಮಿಷ. ನನ್ನ ನಲವತ್ತು ಎಂಟು ಸೆಕೆಂಡು ಮೊದಲೇ ಮುಗಿಯುತ್ತಿತ್ತು, ಮೂರು ಸಲವೂ.

“ಅತ್ತಿ, ನೀ ಭಾಳ ದಪ್ಪ ಅದಿ. ಅದಕ್ಕ ನಿಧಾನ ತೂಗತೈತಿ.”

“ಹಂಗಂತ ಸಾಲ್ಯಾಗ ಹೇಳ್ಯಾರೇನ?”

ಹೇಳಿರಲಿಲ್ಲ. ಭಾರಕ್ಕೂ ಕಾಲಕ್ಕೂ ಸಂಬಂಧವಿಲ್ಲ ಎಂದೇ ಹೇಳಿದ್ದರು. ಪರೀಕ್ಷಿಸಲು ಅರ್ಧ ಚೀಲ ಜೋಳ ಕೂರಿಸಿ ಹತ್ತು ಎಣಿಸಿದೆ, ಆಮೇಲೆ ಬರೀ ಹಲಗೆ ತೂಗಿ ಹತ್ತು. ಕಾಲ ಒಂದೇ. ನಂಬದೆ ಮತ್ತೆ ಎಣಿಸಿದೆ. ಅಷ್ಟರಲ್ಲಿ ಅಪ್ಪ ಬಂದು ಹಗ್ಗ ಬಿಚ್ಚತೊಡಗಿದರು. ನನ್ನ ಕಡೆಯ ಪಾಳಿಯನ್ನು ಜೋಳದ ಚೀಲ ಜೀಕಿ ಮುಗಿಸಿತ್ತು. ಅಪ್ಪ ಗಂಟು ಬಿಡಿಸುತ್ತಿದ್ದಂತೆ ಹಗ್ಗ ಒಂದು ಮೊಳ ಉದ್ದವಾಯಿತು, ಆಗ ಹೊಳೆಯಿತು.

“ಉದ್ದ ಹಗ್ಗ ನಿಧಾನ ತೂಗತೈತಿ ಅಂತ ನಿನಗ ಮೊದಲ ಗೊತ್ತಿತ್ತು.”

“ನಾಕು ಕೂಸಿನ ತೊಟ್ಟಲ ತೂಗೇನಿ. ಹಗ್ಗ ಗಿಡ್ಡಾದ್ರ ತೊಟ್ಟಲ ಗಡಬಡಸತೈತಿ, ಕೂಸು ಮಲಗಂಗಿಲ್ಲ.”

“ಇದು ಮೋಸ.”

“ಕಾನೂನು ನಿಂದು. ನಿನಗ ನಲವತ್ತು ಬೇಕಿತ್ತು, ಸಿಕ್ಕಾವ. ನನಗ ಹೊತ್ತು ಬೇಕಿತ್ತು. ತಗೋ, ಉಂಡಿ ತಿನ್ನು.”

ತಿಂದೆ. ಎರಡು.

ಈಗ ಹನ್ನೊಂದೂಕಾಲು. ನಡುವೆ ನನ್ನ ಪಾಳಿ ಬಂದಿತ್ತು. ವೈನಿ ಅಡುಗೆಮನೆಗೆ ಹೋದದ್ದೇ ತಡ, ಸ್ಟೂಲು ಹತ್ತಿ ಹಗ್ಗ ಒಂದು ಮೊಳ ಏರಿಸಿ ಕಟ್ಟಿದೆ. ನೂರು ಬೇಗನೆ ಮುಗಿಯಿತು. ಕೂಸು ಮಾತ್ರ ಪಿಳಿಪಿಳಿ ನನ್ನನ್ನೇ ನೋಡುತ್ತಿತ್ತು. ಅತ್ತಿಯ ಪಾಠದಲ್ಲಿ ಅರ್ಧವನ್ನೇ ಕಲಿತಿದ್ದೆ. ಎರಡು ಮೊಳ ಇಳಿಸಿ ಮತ್ತೆ ತೂಗಿದೆ, ಅರವತ್ತೆರಡಕ್ಕೆ ಮಲಗಿತು. ಹಗ್ಗದ ಸುದ್ದಿ ಎತ್ತದೆ ವೈನಿಗೆ ಬರೀ ನೂರು ಎಂದೇ ಹೇಳಿದ್ದೇನೆ.

ಒಂದು ಮಾತ್ರ ಬಗೆಹರಿದಿಲ್ಲ. ಆ ಪಂಚಮಿಯ ಮುಂಜಾನೆ ಕೂತು ಜೀಕಿದ್ದಕ್ಕಿಂತ ನಿಂತು ಜೀಕಿದಾಗ ನಲವತ್ತು ಬೇಗ ಮುಗಿದವೆಂದು ಡೈರಿಯಲ್ಲಿದೆ. ಹಗ್ಗ ಅಷ್ಟೇ ಇತ್ತು. ಅತ್ತಿಯ ಕೈವಾಡವೂ ಅಲ್ಲ, ಅವಳ ಬಸ್ಸು ಇನ್ನೂ ಬಂದಿರಲಿಲ್ಲ. ಕಾರಣ ಬಲ್ಲವರು ದಯವಿಟ್ಟು ಒಂದು ಕಾಗದ ಬರೆಯಿರಿ.