ಗಾಳಿಬಾವಿಯ ಮೇಸ್ತ್ರಿ

ವಿಮಾನ ಕಾರ್ಖಾನೆಯ ಹಿಂಬದಿಯಲ್ಲಿ ಒಂದು ಬಾವಿಯಿತ್ತು. ಅದರಲ್ಲಿ ನೀರಿರಲಿಲ್ಲ, ಗಾಳಿಯಿತ್ತು. ಮೂರು ಮಹಡಿಯೆತ್ತರದ ದುಂಡು ಗೋಪುರ. ತುದಿಯಲ್ಲಿ ಕೂತ ದೈತ್ಯ ಫ್ಯಾನು ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿತ್ತು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿದ್ದರೂ ಕೆಲಸಗಾರರ ಬಾಯಲ್ಲಿ ಅದು ಬಾವಿಯೇ. ಅದರ ನಡುಮಹಡಿಯ ಕಟ್ಟೆಯ ಮೇಲೆ ನಿಂತು, ತಾನೇ ಕೆತ್ತಿದ ಪುಟ್ಟ ಮರದ ವಿಮಾನಗಳನ್ನು ಕೈಯಲ್ಲಿ ತಿರುವಿ ಎಸೆಯುವುದು ಮೇಸ್ತ್ರಿಯ ಕೆಲಸ.

“ಭಾವನಿಗೆ ಸಂಬಳ ಕೊಟ್ಟು ಆಟ ಆಡಿಸ್ತಾರೆ” ಎಂದು ಹೆಂಡತಿಯ ತಮ್ಮ ರೇಗಿಸುತ್ತಿದ್ದ. ಅದು ಆಟವಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮೇಸ್ತ್ರಿ ಬಾವಿಗೆ ಎಸೆದದ್ದರ ದೊಡ್ಡ ರೂಪವನ್ನು ಆಕಾಶಕ್ಕೆ ಒಯ್ಯುವವನು ಅವನೇ, ಕಾರ್ಖಾನೆಯ ಪರೀಕ್ಷಾ ಪೈಲಟ್. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಅಕ್ಕ-ಭಾವನ ಮನೆಯಲ್ಲೇ ಇದ್ದ.

ಆ ವರ್ಷ ತಯಾರಾಗುತ್ತಿದ್ದದ್ದು ಸೈನ್ಯದ ಹೊಸಬರು ಹಾರಾಟ ಕಲಿಯುವ ಹಗುರ ವಿಮಾನ. ಅಲ್ಲಿಯವರೆಗೆ ಅವರು ಕಲಿಯುತ್ತಿದ್ದದ್ದು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ, ಮೇಲೊಂದು ಕೆಳಗೊಂದು ರೆಕ್ಕೆಯ ಹಳೇ ವಿಮಾನದಲ್ಲಿ. ಹೊಸದಕ್ಕೆ ಲೋಹದ ಮೈ, ಒಂದೇ ಜೊತೆ ರೆಕ್ಕೆ. ಗುರು ಶಿಷ್ಯ ಅಕ್ಕಪಕ್ಕ ಕೂರಬೇಕು, ಇಬ್ಬರ ಕೈಗೂ ವಿಮಾನ ಹಾರಿಸುವ ಒಂದೊಂದು ಕೋಲು. ಕಾದುವ ವಿಮಾನಕ್ಕಿಂತ ಕಲಿಸುವ ವಿಮಾನ ಮಾಡುವುದೇ ಕಷ್ಟ. ಅದು ಶಿಷ್ಯನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಹಾಗಂತ ತೀರಾ ಸಾಧುವಾದರೆ ಅವನು ಕಲಿಯುವುದಾದರೂ ಏನನ್ನು? ಗಾಳಿಯ ಹಿಡಿತ ತಪ್ಪಿ ವಿಮಾನ ಬುಗುರಿಯಂತೆ ತಿರುಗುತ್ತ ಬೀಳುವುದಕ್ಕೆ ಗಿರಕಿ ಎನ್ನುತ್ತಿದ್ದರು. ಈ ವಿಮಾನ ಬೇಕೆಂದಾಗ ಗಿರಕಿಗೆ ಬೀಳಬೇಕು, ಚುಕ್ಕಾಣಿಯನ್ನು ಎದುರು ದಿಕ್ಕಿಗೆ ತುಳಿದು ಕೋಲನ್ನು ಮುಂದಕ್ಕೆ ತಳ್ಳಿದ ಕೂಡಲೇ ಹೊರಗೆ ಬರಬೇಕು.

ಮೇಸ್ತ್ರಿ ಎಸೆದ ಮಾದರಿ ಏರುವ ಗಾಳಿಯಲ್ಲಿ ಕಣ್ಣೆದುರಿಗೇ ಗಿರಕಿ ಹೊಡೆಯುತ್ತ ನಿಲ್ಲುತ್ತಿತ್ತು. ಅದರ ಹೊಟ್ಟೆಯೊಳಗಿನ ಗಡಿಯಾರದ ಯಂತ್ರ ಸ್ವಲ್ಪ ಹೊತ್ತಿಗೆ ಚುಕ್ಕಾಣಿ ತಿರುಗಿಸುತ್ತಿತ್ತು. ಗಿರಕಿ ಬಿಟ್ಟರೆ ಮಾದರಿ ಮೂಗು ಕೆಳಗೆ ಮಾಡಿ ತಳದ ಬಲೆಗೆ ಧುಮುಕುತ್ತಿತ್ತು. ಮೊದಮೊದಲು ಮೊಂಡು ಹಿಡಿಯುತ್ತಿದ್ದ ಮಾದರಿ ಬರಬರುತ್ತ ಮಾತು ಕೇಳತೊಡಗಿತು. ಬಾಲದಲ್ಲಿ ತಾವು ಮಾಡಿದ ಚೂರುಪಾರು ಬದಲಾವಣೆಯ ಫಲವೆಂದು ನಕ್ಷೆ ಬರೆಯುವವರು ಬೀಗಿದರು.

ಮೇಸ್ತ್ರಿಗೆ ಒಂದು ಖಯಾಲಿಯಿತ್ತು, ತನ್ನ ಮಾದರಿ ಕೊಳಕಾಗಿ ಕಾಣಬಾರದು. ಅದರಲ್ಲೂ ಇದು ಭಾವಮೈದುನ ಹಾರಿಸುವ ವಿಮಾನ. ಕನ್ನಡಿಯಂತೆ ಬಣ್ಣ ಬಳಿದು, ಒಳಗೆ ಕೂತ ಮರದ ಗೊಂಬೆಗೆ ಅವನದೇ ಚೂಪು ಮೀಸೆ ಬರೆದಿದ್ದ. ಬಲೆಗೆ ಬಿದ್ದು ಮೂಗು ಜಜ್ಜಿದಾಗಲೆಲ್ಲ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹಚ್ಚುತ್ತಿದ್ದ. ಪುಟ್ಟಿಯ ತೂಕಕ್ಕೆ ಸಮನಾಗಿ, ತೂಕಕ್ಕೆಂದು ಒಳಗೆ ತುಂಬಿದ್ದ ಸೀಸದ ಕಾಳು ತೆಗೆದು ತಕ್ಕಡಿಗಿಟ್ಟು, ಒಟ್ಟು ತೂಕ ಸರಿಯಿದೆ ಎಂದು ನೋಡಿಯೇ ಮತ್ತೆ ಎಸೆಯುತ್ತಿದ್ದ.

“ಎರಡೇ ಸುತ್ತು” ಎಂದು ಹಾರಾಟದ ಹಿಂದಿನ ದಿನ ಭಾವಮೈದುನನಿಗೆ ಹೇಳಿದ್ದ. “ಗಾಬರಿಯಾಗಿ ಹೊರಗೆ ಹಾರಿಬಿಡಬೇಡ. ಕಾಯಿ. ತಾನಾಗೇ ಬಿಡುತ್ತೆ.”

ಮರುದಿನ ಆಕಾಶದಲ್ಲಿ ವಿಮಾನ ಗಿರಕಿ ಬಿಡಲಿಲ್ಲ. ಅವನು ಕಾದ. ಪ್ಯಾರಾಚೂಟಿನ ಜೊತೆ ಹೊರಗೆ ಬಿದ್ದಾಗ ಅದು ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಗಿರಕಿಯಿಂದ ಹೊರಬರುವ ಕ್ರಮವನ್ನು ಪೈಲಟ್ ತಡವಾಗಿ ಕೈಗೊಂಡ ಎಂದು ತನಿಖೆಯವರು ಬರೆದರು. ಸತ್ತವನು ಎದ್ದು ಬಂದು ಎದುರಾಡುತ್ತಾನೆಯೇ?

ಮನೆಯಲ್ಲಿ ಅತ್ತೆ ಆ ‘ತಡ’ವನ್ನೇ ಹಿಡಿದು ಕೂತರು. ಹಿಂದಿನ ರಾತ್ರಿ ಹಾರೋದು ಬಿಡು ಎಂದು ಮಗನ ಜೊತೆ ಜಗಳವಾಡಿದ್ದರು. ಅವನು ಉಣ್ಣದೆ ಮಲಗಿದ್ದ. “ನಾನೇ ಅವನ ನಿದ್ದೆ ಕೆಡಿಸಿದೆ. ಅದಕ್ಕೇ ಕೈ ನಿಧಾನ ಆಯ್ತು” ಎಂದು ಮುಂದಿಟ್ಟ ತಟ್ಟೆ ಸರಿಸುತ್ತಿದ್ದರು. ದಿನದಿನಕ್ಕೆ ಕಡ್ಡಿಯಾದರು. ಡಾಕ್ಟರು ಬಂದು, ಇವರಿಗೆ ಬದುಕುವ ಮನಸ್ಸಿಲ್ಲ, ಔಷಧಿ ಏನು ಮಾಡೀತು ಅಂದುಬಿಟ್ಟರು.

ಮೇಸ್ತ್ರಿ ಕಪಾಟಿನಿಂದ ಆ ಮಾದರಿಯನ್ನು ತೆಗೆದದ್ದು ಒರೆಸಿಡಲು. ಸುಮ್ಮನೆ ರೆಕ್ಕೆಗಳ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದ. ಅದು ಮೂಗು ತಗ್ಗಿಸಿತು.

ಅದು ಸಮನಾಗಿ ನಿಲ್ಲಬೇಕಿತ್ತು. ಸೀಸದ ಕಾಳುಗಳಿಗೆ ಎರಡು ಕಡೆ ಗೂಡುಗಳಿದ್ದವು, ಒಂದು ಮುಂದೆ, ಒಂದು ಬಾಲದಲ್ಲಿ. ಮುಂದಿನದನ್ನು ತೆರೆದರೆ ಹೊಸ ಬಣ್ಣ ಒಡೆಯುತ್ತಿತ್ತು. ಅದಕ್ಕೇ ಅವನು ಪ್ರತಿ ಸಲವೂ ಬಾಲದಿಂದ ತೆಗೆದಿದ್ದ. ಮೂಗಿನಲ್ಲಿ ಪುಟ್ಟಿ ಕೂಡುತ್ತ ಬಂತು, ಬಾಲದಲ್ಲಿ ಸೀಸ ಕಳೆಯುತ್ತ ಬಂತು, ತಕ್ಕಡಿ ಮಾತ್ರ ಸರಿ ಸರಿ ಅನ್ನುತ್ತಲೇ ಇತ್ತು. ಮೂಗು ಭಾರವಾದದ್ದು ಗಿರಕಿಯಿಂದ ಸುಲಭವಾಗಿ ಹೊರಬರುತ್ತದೆ. ಹೊರಬಂದಷ್ಟೂ ಮೂಗು ಜಜ್ಜುತ್ತದೆ, ಜಜ್ಜಿದಷ್ಟೂ ಪುಟ್ಟಿ ಏರುತ್ತದೆ. ಆಕಾಶಕ್ಕೇರಿದ ವಿಮಾನದ ಮೂಗಿನಲ್ಲಿ ಆ ಪುಟ್ಟಿ ಇರಲಿಲ್ಲ.

ಊಟದ ಬಿಡುವಿನಲ್ಲಿ, ಬಾವಿಯ ಬಳಿ ಯಾರೂ ಇಲ್ಲದಾಗ, ಬಣ್ಣ ಒಡೆದು ಮುಂದಿನ ಗೂಡಿನ ಸೀಸ ತೆಗೆದು ಬಾಲದ ಕೊರತೆಗೆ ತುಂಬಿದ. ಫ್ಯಾನಿನವನನ್ನು ಕರೆದು ಗಾಳಿ ಬಿಡಿಸಿ ಎಸೆದ. ಚುಕ್ಕಾಣಿ ಟಕ್ಕೆಂದು ತಿರುಗಿತು. ಮಾದರಿ ಬೀಳಲಿಲ್ಲ. ಅಲ್ಲೇ, ಅವನ ಮುಖದೆದುರಿಗೇ, ಸುತ್ತುತ್ತಲೇ ಉಳಿಯಿತು. ಪ್ರತಿ ಸುತ್ತಿಗೂ ಆ ಮೀಸೆಯ ಮುಖ ಬಂದು ಅವನನ್ನು ನೋಡಿ ಹೋಗುತ್ತಿತ್ತು. ಭಾವ ಹೇಳಿದ್ದಾನೆಂದು ಕಾಯುತ್ತಿರುವವನ ಮುಖ. ಗಾಳಿ ನಿಲ್ಲಿಸು ಎನ್ನಲು ಮೇಸ್ತ್ರಿಗೆ ಬಾಯಿ ಬರಲಿಲ್ಲ. ನಿಲ್ಲಿಸಿದರೆ ಅವನು ಬೀಳುತ್ತಾನೆ.

“ಮೇಸ್ತ್ರಿ, ನಿಲ್ಲಿಸ್ಲಾ?” ಎಂದು ಫ್ಯಾನಿನವನು ಎಷ್ಟು ಸಲ ಕೂಗಿದನೋ, ಕೊನೆಗೆ ತಾನೇ ನಿಲ್ಲಿಸಿದ.

ಅಂದೇ ಮುಖ್ಯ ವಿನ್ಯಾಸಗಾರರ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವರು ಮಾದರಿಯನ್ನು ಬೆರಳ ಮೇಲೆ ತೂಗಿ ನೋಡಿದರು. “ಬಾಲ ಸರಿ ಮಾಡೋಣ. ವರದಿ ಹೋಗಿಯಾಯ್ತು, ಅದನ್ನ ಕೆದಕೋದು ಬೇಡ. ನಿನಗೂ ಸಂಸಾರ ಇದೆಯಲ್ಲಪ್ಪ” ಎಂದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಮೇಸ್ತ್ರಿಗೆ ಆ ಆಯಸ್ಸು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಮ್ಮನಿದ್ದರೆ ಅತ್ತೆ ತನ್ನದಲ್ಲದ ತಪ್ಪಿಗೆ ಸಾಯುತ್ತಾರೆ. ಹೇಳಿದರೆ ಆ ಮನೆಯಲ್ಲಿ ಅವನಿಗೆ ಮುಖವಿರುವುದಿಲ್ಲ.

ಆ ಸಂಜೆಯೇ ಅತ್ತೆಯ ಮಂಚದ ಬಳಿ ಕುರ್ಚಿ ಎಳೆದುಕೊಂಡು ಹೇಳಿದ. ಬಣ್ಣ ಉಳಿಸಲು ಹೋದದ್ದು, ಕಾಯಿ ಎಂದದ್ದು, ಯಾವುದನ್ನೂ ಬಿಡಲಿಲ್ಲ.

“ಹಾಗಾದ್ರೆ ಅವನು ಸರಿಯಾಗಿ ಮಾಡಿದ್ನಾ?”

“ಎಲ್ಲಾ ಸರಿಯಾಗಿ ಮಾಡಿದ್ದ ಅತ್ತೆ. ಯಾರು ಎಷ್ಟು ಬೇಗ ಮಾಡಿದ್ರೂ ಅದು ಬಿಡ್ತಿರಲಿಲ್ಲ.”

ಅತ್ತೆ ಆ ರಾತ್ರಿ ಎರಡು ತುತ್ತು ಉಂಡರು. ಬೈಯಲಿಲ್ಲ, ಅಳಲಿಲ್ಲ. ಮರುದಿನ ಸಂಜೆ ಮತ್ತೆ ಕರೆದರು. “ಅಳಿಯಂದ್ರೇ, ನಿನ್ನೆ ಹೇಳಿದ್ದನ್ನ ಹೇಳಿ.”

ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಬಾಲದಡಿಗೆ ಎರಡು ಸಣ್ಣ ರೆಕ್ಕೆ ಬಂದು ವಿಮಾನ ಪಳಗಿತು, ನೂರಾರು ಹುಡುಗರು ಅದರಲ್ಲಿ ಗಿರಕಿ ಹೊಡೆದು ನಗುನಗುತ್ತ ಇಳಿದರು, ಮೇಸ್ತ್ರಿಯ ತಲೆ ನೆರೆಯಿತು. ಸಂಜೆಯಾದರೆ ಕುರ್ಚಿ, ಮಂಚ, ಅದೇ ಮಾತು. ಹೆಂಡತಿ ಮಾತ್ರ ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಗಂಡನ ಜೊತೆ ಸಂಸಾರವನ್ನೇನೋ ಮಾಡಿದಳು, ತಮ್ಮನ ಮಾತು ಮಾತ್ರ ಎತ್ತಲಿಲ್ಲ. ಒಮ್ಮೆ ಸುಸ್ತಾಗಿ ಅವನು ಬರೀ ಮಗನ ಭಾಗವನ್ನಷ್ಟೇ ಹೇಳಿ ಮುಗಿಸಿದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದರು, “ನಿಮ್ಮ ಪಾಲು ಬಿಟ್ರಿ.”

ಅತ್ತೆ ತೀರಿಕೊಂಡ ಮಾರನೆಯ ಸಂಜೆ ಮೇಸ್ತ್ರಿ ಅಭ್ಯಾಸಬಲದಿಂದ ಬಂದು ಕುರ್ಚಿಯಲ್ಲಿ ಕೂತ. ಮಂಚ ಖಾಲಿಯಿತ್ತು. ಇನ್ನು ಹೇಳಬೇಕಾಗಿಲ್ಲ ಎಂದು ಹೊಳೆದಾಗ ನಾಚಿಕೆಯಾಗುವಷ್ಟು ಹಗುರವೆನಿಸಿತು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಮಂಚದ ಮೇಲೆ ತಾಯಿಯ ಜಾಗದಲ್ಲಿ ಕೂತಳು.

“ಹೇಳಿ” ಎಂದಳು. “ನಾನಿನ್ನೂ ಕೇಳಿಲ್ಲ.”