ಹಿಟ್ಟು ಹಚ್ಚಿ ಓದಿದ ಕಲ್ಲು

ಕಳೆದ ವಾರ ಬೆಳಗಿನ ಹೊತ್ತು ಪಕ್ಕದ ಮನೆಯಲ್ಲಿ ಹೊಸ ಜೋಳ ಬೀಸುತ್ತಿದ್ದರು. ಬೀಸುವ ಕಲ್ಲಿನಿಂದ ಆಗತಾನೆ ಬಿದ್ದ ಹಿಟ್ಟಿಗೆ ಒಂದು ಬೆಚ್ಚಗಿನ ವಾಸನೆ ಇರುತ್ತದೆ. ರೊಟ್ಟಿಯಾದ ಮೇಲೆ ಅದು ಉಳಿಯುವುದಿಲ್ಲ. ಆ ವಾಸನೆ ಕಿಟಕಿಯಿಂದ ಬಂದಾಗ ನಾನು ಶಾಲೆಯ ಕಾಗದಪತ್ರ ನೋಡುತ್ತ ಕುಳಿತಿದ್ದೆ. ಲೇಖನಿ ಕೆಳಗಿಟ್ಟೆ. ಹದಿಮೂರು ವರ್ಷಗಳ ಹಿಂದೆ, ಸವದತ್ತಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರ ಸೆರಗಿನಲ್ಲಿ ಸದಾ ಇರುತ್ತಿದ್ದ ವಾಸನೆ ಅದು...

ಅಕ್ಕೋರ ಸೊಂಟದಲ್ಲಿ ಒಂದು ಸಣ್ಣ ಬಟ್ಟೆಯ ಚೀಲ ಇರುತ್ತಿತ್ತು. ಅದರಲ್ಲಿ ಜೋಳದ ಹಿಟ್ಟು. ಅಡುಗೆಗಲ್ಲ, ಓದುವುದಕ್ಕೆ. ಹಳೆಯ ಕಲ್ಲಿನ ಮೇಲೆ ಅಕ್ಷರ ಸವೆದಿದ್ದರೆ ಅವರು ಒಂದು ಹಿಡಿ ಹಿಟ್ಟು ಚೆಲ್ಲಿ ಅಂಗೈಯಿಂದ ಮೆಲ್ಲಗೆ ಸವರುತ್ತಿದ್ದರು. ಮೇಲಿನ ಹಿಟ್ಟು ಹಾರಿಹೋಗುತ್ತಿತ್ತು, ಗೀರಿನೊಳಗಿನದು ನಿಲ್ಲುತ್ತಿತ್ತು. ಕಪ್ಪು ಕಲ್ಲಿನ ಮೇಲೆ ಬಿಳಿಯ ಸಾಲುಗಳು ಎದ್ದು ಬರುತ್ತಿದ್ದವು. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೆ ಮುಂಚೆಯೂ ನಾನು ಹೆಚ್ಚು ಮಾತಾಡುವವಳಾಗಿರಲಿಲ್ಲ ಎನ್ನುವುದು ಬೇರೆ.

ತಿಂಗಳಿಗೆ ಎರಡು ಭಾನುವಾರ ಅವರು ದೊಡ್ಡ ತರಗತಿಯ ಹುಡುಗಿಯರನ್ನು ಎತ್ತಿನ ಚಕ್ಕಡಿಯಲ್ಲಿ ಕರೆದೊಯ್ಯುತ್ತಿದ್ದರು. ಒಮ್ಮೆ ಊರ ಕೋಟೆ, ಒಮ್ಮೆ ಹೊಲದ ಬದುವಿನ ವೀರಗಲ್ಲು, ಒಮ್ಮೆ ಯಾರೂ ಇಳಿಯದ ಹಾಳು ಬಾವಿ. ಎರಡೇ ನಿಯಮ. ತನ್ನ ಬುತ್ತಿ ತಾನು ಉಣ್ಣುವಂತಿಲ್ಲ. ಗಂಟುಗಳನ್ನೆಲ್ಲ ನಡುವೆ ಇಟ್ಟು, ಮತ್ತೊಬ್ಬರ ಗಂಟು ಎತ್ತಿಕೊಳ್ಳಬೇಕು. ಗಂಟು ಬಿಚ್ಚುವ ಮೊದಲು ಆ ಜಾಗದ ಬಗ್ಗೆ ತಮ್ಮ ಮನೆಯಲ್ಲಿ ಕೇಳಿದ ಒಂದು ಮಾತು ಹೇಳಬೇಕು. ಪುಸ್ತಕದ ಮಾತು ನಡೆಯುತ್ತಿರಲಿಲ್ಲ. ಅಜ್ಜಿ ಹೇಳಿದ್ದು, ಕಾಕಾ ಬೈಯುತ್ತ ಅಂದಿದ್ದು, ಯಾವುದಾದರೂ ಸರಿ.

"ನೀ ಮಾತಾಡೂದು ಕಡಿಮಿ. ಕುಂತು ಬರಕೋ," ಎಂದು ಒಂದು ನೋಟುಬುಕ್ಕು ನನ್ನ ಕೈಗೆ ಕೊಟ್ಟರು. ನಾನು ಒಬ್ಬೊಬ್ಬರ ಹೆಸರು ಬರೆದು, ಮುಂದೆ ಅವರು ಹೇಳಿದ್ದನ್ನು ಬರೆಯುತ್ತಿದ್ದೆ. ಅಕ್ಕೋರ ಸರದಿ ಬಂದಾಗ ಅವರು ನಕ್ಕು, "ನಂದು ಆಮ್ಯಾಲ. ಹಸದೀರಿ, ಉಣ್ರಿ," ಎನ್ನುತ್ತಿದ್ದರು. ಆ ಆಮ್ಯಾಲ ಎಂದೂ ಬರಲಿಲ್ಲ. ಆಗ ಅದು ನಮಗೆ ವಿಚಿತ್ರ ಅನ್ನಿಸಿರಲಿಲ್ಲ.

ದೊಡ್ಡವರಿಗೆ ಅನ್ನಿಸಿತ್ತು. ಅಕ್ಕೋರು ಎಲ್ಲಿಂದ ಬಂದವರು, ಯಾರ ಪೈಕಿ, ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಣೆಯಲ್ಲಿ ಕುಂಕುಮವೂ ಇರಲಿಲ್ಲ, ವಿಭೂತಿಯೂ ಇರಲಿಲ್ಲ. ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದಿದ್ದಾರೆ ಎಂಬುದಷ್ಟೇ ಗೊತ್ತು. ಅಂಥವರ ಬುತ್ತಿ ಯಾವ ಹುಡುಗಿಯ ಪಾಲಿಗೆ ಬರುತ್ತದೆ ಎಂಬ ಲೆಕ್ಕಾಚಾರ ಓಣಿಯಲ್ಲಿ ಶುರುವಾಯಿತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ನನ್ನ ಅಜ್ಜಿ. ಲಿಂಗಪೂಜೆ ಮುಗಿಯದೆ ನೀರು ಮುಟ್ಟದವಳು, ಬೇರೆಯವರ ಒಲೆಯ ಮೇಲೆ ಬೆಂದದ್ದನ್ನು ಬಾಯಿಗೆ ಹಾಕದವಳು.

"ಮೊದಲ ಆಕಿ ಮನಿ ಯಾವುದು ಹೇಳ್ಲಿ. ಆಮ್ಯಾಲ ನೀ ಚಕ್ಕಡಿ ಹತ್ತು. ಇಲ್ಲಂದ್ರ ಸಾಲಿನೂ ಬ್ಯಾಡ," ಎಂದಳು.

ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು. ನನಗೆ ಹನ್ನೊಂದು ತುಂಬಿತ್ತು. ಆ ವಯಸ್ಸಿನ ಹುಡುಗಿಯನ್ನು ಶಾಲೆ ಬಿಡಿಸಲು ಒಂದು ನೆಪ ಸಾಕಾಗಿತ್ತು, ಆ ನೆಪ ಈಗ ಸಿಕ್ಕಿತ್ತು. ಮರುದಿನ ನೋಟುಬುಕ್ಕನ್ನು ಅಕ್ಕೋರಿಗೆ ಹಿಂತಿರುಗಿಸಲು ಹೋಗಿ, ಇನ್ನು ಬರುವುದಿಲ್ಲ ಎಂದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಸಂಜೆ ನೇರವಾಗಿ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು.

ಅಜ್ಜಿ ಸುತ್ತುಬಳಸಿ ಮಾತಾಡುವವಳಲ್ಲ. "ಅಕ್ಕೋರ, ನಿಮ್ಮ ಊರು ಯಾವುದ್ರಿ? ನೀವು ಯಾರ ಪೈಕಿ?"

"ಅಮ್ಮಾರ, ನಿಮ್ಮ ತವರು ಹೂಲಿ ಅಲ್ಲೇನ್ರಿ?" ಎಂದರು ಅಕ್ಕೋರು. "ಅಲ್ಲಿ ಹೊಂಡದ ಹತ್ರ ಒಂದು ಅಕ್ಷರದ ಕಲ್ಲು ಐತಿ ಅಂತ ಕೇಳೇನಿ. ಎರಡು ಸಲ ಹೋದೆ, ಸಿಗಲಿಲ್ಲ."

"ಹೆಂಗ ಸಿಗತೈತಿ? ಅದನ್ನ ಬೋರಲ ಹಾಕ್ಯಾರ." ಅಜ್ಜಿಗೆ ತಡೆಯಲಾಗಲಿಲ್ಲ. "ನಾ ಸಣ್ಣಾಕಿ ಇದ್ದಾಗ ಹಾಕಿದ್ದು. ಅಕ್ಷರ ತುಳೀಬಾರದು ಅಂತ ಹಿರ್ಯಾರು ಮಗಚಿ ಇಟ್ರು. ಅದರ ಮ್ಯಾಲ ಹೆಣ್ಣಮಕ್ಕಳು ಅರಿಬಿ ಒಗೀತಾರ."

"ಯಾವ ಕಲ್ಲು ಅಂತ ಈಗ ಯಾರಿಗೆ ಗೊತ್ತೈತ್ರಿ?"

"ಯಾರಿಗೆ ಗೊತ್ತಿರತೈತಿ? ನನಗಽ."

"ಹಂಗಿದ್ರ ನೀವಽ ಬರ್ರಿ, ಅಮ್ಮಾರ. ನೀವು ದಾರಿ ತೋರಸ್ರಿ. ನಾವು ನಿಮ್ಮ ಹಿಂದ ಬರತೇವಿ."

ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಆ ಭಾನುವಾರ ಚಕ್ಕಡಿಯ ಮುಂದುಗಡೆ ಹೊಡೆಯುವವನ ಪಕ್ಕದಲ್ಲಿ ಅವಳೇ ಕುಳಿತಿದ್ದಳು. ನಮ್ಮ ಬುತ್ತಿಗಳ ಸಾಲಿಗೆ ತನ್ನದನ್ನು ಸೇರಿಸಲಿಲ್ಲ. ಮಡಿಯ ಬಟ್ಟೆಯಲ್ಲಿ ಕಟ್ಟಿದ ಹಿಟ್ಟು ಅವಳ ಮಡಿಲಲ್ಲಿತ್ತು. ಹೂಲಿಯಲ್ಲಿರುವ ತಮ್ಮನ ಮನೆಯ ಒಲೆ ತೊಳೆಸಿ ತಾನೇ ರೊಟ್ಟಿ ಬಡಿದುಕೊಳ್ಳುವ ವಿಚಾರ.

ಹೂಲಿ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಗುಡ್ಡದ ಬುಡದ ಹಳೆಯ ಗುಡಿಗಳ ನಡುವೆ ಅಜ್ಜಿ ಹುಡುಗಿಯ ಹಾಗೆ ನಡೆದಳು. ಇಲ್ಲಿ ನಾವು ಗಜ್ಜುಗ ಆಡುತ್ತಿದ್ದೆವು, ಈ ಕಂಬಕ್ಕೆ ನನ್ನ ತಮ್ಮ ಹಲ್ಲು ಬಡಿದುಕೊಂಡ... ಹೊಂಡದ ಮೆಟ್ಟಿಲ ಬಳಿ ಐದಾರು ಒಗೆಯುವ ಕಲ್ಲುಗಳಿದ್ದವು. ಅವಳು ಒಂದನ್ನೂ ಬಗ್ಗಿ ನೋಡಲಿಲ್ಲ. ಮೂರನೆಯದರ ಮೇಲೆ ಕಾಲಿಟ್ಟು, ಇದೇ ಎಂದಳು.

ಚಕ್ಕಡಿ ಹೊಡೆಯುವವನು ಮತ್ತು ಹೂಲಿಯ ಇಬ್ಬರು ಗಂಡಸರು ಕಟ್ಟಿಗೆ ಹಾಕಿ ಮೀಟಿ ಕಲ್ಲನ್ನು ಹೊರಳಿಸಿದರು. ಕೆಳಗೆ ಕೆಸರು. ತೊಳೆದು, ಬಿಸಿಲಿಗೆ ಆರುವವರೆಗೆ ಕಾದೆವು. ಆಗ ಅಕ್ಕೋರು ಸೊಂಟದ ಚೀಲಕ್ಕೆ ಕೈ ಹಾಕಿ, ಅದನ್ನು ಮಗುಚಿ ಕೊಡವಿದರು. ದಾರಿಯಲ್ಲಿ ಎರಡು ವೀರಗಲ್ಲಿಗೆ ಹಿಟ್ಟೆಲ್ಲ ಮುಗಿದಿತ್ತು.

ಯಾರೂ ಅಜ್ಜಿಯ ಮಡಿಲನ್ನು ನೋಡಲಿಲ್ಲ. ಎಲ್ಲರಿಗೂ ಅದರ ಮೇಲೇ ಗಮನ ಇತ್ತು. ಅವಳು ಗಂಟನ್ನು ಇನ್ನಷ್ಟು ಹತ್ತಿರ ಒತ್ತಿಕೊಂಡಳು. ಮಡಿಯ ಹಿಟ್ಟು, ಅದೂ ಒಗೆಯುವ ಕಲ್ಲಿಗೆ. ಆಮೇಲೆ ಏನನ್ನಿಸಿತೋ, ಗಂಟು ಬಿಚ್ಚಿ, "ಹಿಡೀರಿ. ಎಲ್ಲಾ ಸುರೀಬ್ಯಾಡ್ರಿ ಮತ್ತ," ಎಂದಳು.

ಅಕ್ಷರಗಳು ಎದ್ದವು. ಅಕ್ಕೋರು ಬೆರಳಿಟ್ಟು ತಡವರಿಸುತ್ತ ಓದಿದರು, ನಾನು ಬರೆದುಕೊಂಡೆ. ಪೂರ್ತಿ ಓದಿದರೆಂದು ನಾನು ಹೇಳಲಾರೆ. ಅರ್ಧಕ್ಕಿಂತ ಹೆಚ್ಚು ಅವರಿಗೂ ಬಿಡಿಸಲಾಗಲಿಲ್ಲ. "ಒಬ್ಬ ಹೆಣ್ಣಮಗಳು ಭೂಮಿ ಬಿಟ್ಟಾಳ್ರಿ. ಇಲ್ಲಿ ಓದಾಕ ಬಂದವರ ಊಟಕ್ಕ."

"ಹೆಣ್ಣಮಗಳಾ?" ಅಜ್ಜಿ ಹತ್ತಿರ ಬಂದು ಕುಳಿತಳು. "ಯಾರ ಪೈಕಿ ಆಕಿ?"

ಅಕ್ಕೋರು ಕಲ್ಲಿನ ಅಂಚು ತೋರಿಸಿದರು. "ಅಲ್ಲೇ ಒಡದೈತಿ ನೋಡ್ರಿ, ಅಮ್ಮಾರ."

ಅಜ್ಜಿ ಒಡೆದ ಅಂಚನ್ನು ನೋಡಿದಳು, ಅಕ್ಕೋರನ್ನು ನೋಡಿದಳು. "ಛಲೋ ಆತು. ಈ ಕಲ್ಲೂ ನಿಮ್ಮಂಗಽ. ಮನಿ ಯಾವುದು ಅಂತ ಕೇಳಿದ್ರ ಬಾಯಿ ಮುಚ್ಚತೈತಿ."

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅಕ್ಕೋರು. ಅಷ್ಟರಲ್ಲಿ ನೀರಿಗೆ ಬಂದ ಎಮ್ಮೆಯೊಂದು ಕೊನೆಯ ಎರಡು ಸಾಲನ್ನು ನೆಕ್ಕಿಬಿಟ್ಟಿತು. "ಅದಕ್ಕೂ ಓದಾಕ ಬರತೈತೇನ್ರಿ?" ಎಂದ ಚಕ್ಕಡಿ ಹೊಡೆಯುವವನು. ಆ ಸಾಲುಗಳು ನನ್ನ ನೋಟುಬುಕ್ಕಿನಲ್ಲಿ ಇಲ್ಲ.

ಉಳಿದ ಹಿಟ್ಟಿನಲ್ಲಿ ಅಜ್ಜಿಗೆ ಎರಡು ರೊಟ್ಟಿ ಆದವು. ತಮ್ಮನ ಮನೆಯಿಂದ ಅವನ್ನು ತಂದು ನಮ್ಮಿಂದ ಸ್ವಲ್ಪ ದೂರ ಗುಡಿಯ ಜಗುಲಿಯ ಮೇಲೆ ಕುಳಿತಳು. ನಾವು ಗಂಟು ಬದಲಾಯಿಸಿಕೊಂಡೆವು. ಮನೆಯ ಮಾತುಗಳೂ ಆದವು, ಅಕ್ಕೋರದು ಎಂದಿನಂತೆ ಆಮ್ಯಾಲ. ಅಜ್ಜಿ ಎಲ್ಲ ಕೇಳಿಸಿಕೊಂಡು ಎದ್ದು ಬಂದು, ಒಂದು ರೊಟ್ಟಿಯನ್ನು ಅಕ್ಕೋರ ಮುಂದೆ ಇಟ್ಟಳು. ತಾನು ಯಾರ ಬುತ್ತಿಯನ್ನೂ ಮುಟ್ಟಲಿಲ್ಲ. ಹೋಗುವಾಗ ಮಾತ್ರ ಅಕ್ಕೋರ ಗಂಟಿನಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದುಕೊಂಡಳು. "ಶೇಂಗಾಕ್ಕ ಮೈಲಿಗಿ ಇಲ್ಲ," ಎಂದು ನನ್ನ ಕಡೆ ನೋಡಿ ಹೇಳಿದಳು, ನಾನೇನೋ ಕೇಳಿದ್ದೆ ಎಂಬಂತೆ.

ಹಿಂತಿರುಗುವ ಮೊದಲು ಕಲ್ಲನ್ನು ಮತ್ತೆ ಬೋರಲು ಹಾಕಲು ಗಂಡಸರು ಬಂದರು. ಅಜ್ಜಿ ಬಿಡಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದರು.

ಶಾಲೆ ಬಿಡುವ ಮಾತು ಆಮೇಲೆ ಮನೆಯಲ್ಲಿ ಬರಲಿಲ್ಲ. ಮುಂದಿನ ವರ್ಷ ಕಿತ್ತೂರಿಗೆ ಹೋಗುವುದು, ಬಿದ್ದ ಅರಮನೆಯ ಅಂಗಳದಲ್ಲಿ ಬುತ್ತಿ ಬಿಚ್ಚುವುದು ಎಂದು ಅಕ್ಕೋರು ಹೇಳಿದ್ದರು. ಎರಡು ರಾತ್ರಿ ತಂಗಬೇಕಾದ ದಾರಿ. ಅಜ್ಜಿ ಆಗಲೇ ಹಿಟ್ಟಿನ ಲೆಕ್ಕ ಹಾಕತೊಡಗಿದ್ದಳು.

ಆದರೆ ಮುಂದಿನ ವರ್ಷ ಊರಿಗೆಲ್ಲ ಜ್ವರ ಬಂತು. ಶಾಲೆ ಮುಚ್ಚಿತು. ಅಕ್ಕೋರು ಮನೆಮನೆಗೆ ಗಂಜಿ ಒಯ್ಯುತ್ತಿದ್ದರು. ಹಿಂದೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದವರೂ ಆಗ ಒಳಗೆ ಕರೆದರು. ಎಂಟು ಹತ್ತು ದಿನವಿರಬೇಕು... ಆಮೇಲೆ ಅವರೇ ಮಲಗಿದರು. ಮೂರನೆಯ ದಿನ ಬೆಳಿಗ್ಗೆ ಶಾಲೆಯ ಹಿಂದಿನ ಅವರ ಕೋಣೆಯ ಮುಂದೆ ಜನ ನಿಂತಿದ್ದರು. ಅಳುವುದಕ್ಕಲ್ಲ. ಮಣ್ಣು ಮಾಡಬೇಕೋ ಸುಡಬೇಕೋ ಯಾರಿಗೂ ತಿಳಿಯದೆ ನಿಂತಿದ್ದರು. ಪೆಟ್ಟಿಗೆಯಲ್ಲಿ ಒಂದು ಕಾಗದವೂ ಇರಲಿಲ್ಲ, ಯಾರಿಗೆ ತಿಳಿಸಬೇಕೆಂದೂ ಗೊತ್ತಿರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಹೋದಳು. ಹಿರಿಯರೊಬ್ಬರು, "ಯಾರ ಪೈಕಿ ಅಂತಽ ತಿಳೀವಲ್ದು," ಎಂದರು.

"ನನ್ನ ರೊಟ್ಟಿ ಉಂಡಾಳ. ನಮ್ಮ ಪೈಕಿ," ಎಂದಳು ಅಜ್ಜಿ. "ನಮ್ಮ ಹೊಲದಾಗ ಮಣ್ಣು ಮಾಡ್ರಿ."

"ನಾಳೆ ಆಕಿ ಮಂದಿ ಬಂದು ಕೇಳಿದ್ರ?"

"ಬರಲಿ. ಅಕ್ಕೋರ ಮನಿ ಯಾವುದು ಅಂತ ನನಗೂ ತಿಳಿದಂಗ ಆಕ್ಕೈತಿ."

ಯಾರೂ ಬರಲಿಲ್ಲ.

ನಾನು ಪುಣೆಗೆ ಬಿ.ಎ. ಓದಲು ಹೊರಟಾಗ ಅಜ್ಜಿ ಎರಡು ಬುತ್ತಿ ಕಟ್ಟಿದಳು. ಒಂದು ನನಗೆ, ಒಂದು ಗಾಡಿಯಲ್ಲಿ ಪಕ್ಕದಲ್ಲಿ ಕೂರುವವರಿಗೆ ಎಂದಳು. ಈಗ ಅವಳೂ ಅದೇ ಹೊಲದಲ್ಲಿದ್ದಾಳೆ. ನಾನು ಬೈಲಹೊಂಗಲದ ಶಾಲೆಯಲ್ಲಿದ್ದೇನೆ, ಹುಡುಗಿಯರು ನನ್ನನ್ನು ಅಕ್ಕೋರು ಎನ್ನುತ್ತಾರೆ. ಆ ಹೆಸರಿಗೆ ತಿರುಗಿ ನೋಡುವುದು ಇನ್ನೂ ಪೂರ್ತಿ ರೂಢಿಯಾಗಿಲ್ಲ.

ಆ ನೋಟುಬುಕ್ಕು ನನ್ನ ಬಳಿ ಇದೆ. ಹಾಳೆಗಳ ನಡುವೆ ಹಿಟ್ಟಿನ ಕಲೆ ಉಳಿದಿದೆ. ಹುಡುಗಿಯರ ಹೆಸರುಗಳ ಮುಂದೆ ಅವರವರ ಮನೆಯ ಮಾತುಗಳಿವೆ. ಅಕ್ಕೋರು ಎಂದು ಬರೆದಲ್ಲೆಲ್ಲ ಸಾಲು ಖಾಲಿ. ಧಾರವಾಡದಲ್ಲಿ ವಿಚಾರಿಸಿದೆ, ತರಬೇತಿಗೆ ಸೇರುವಾಗ ಅಕ್ಕೋರು ಬರೆಸಿದ್ದ ಊರಿಗೆ ಹೋಗಿ ನೋಡಿದೆ, ಅಲ್ಲಿ ಅವರನ್ನು ಬಲ್ಲವರಿರಲಿಲ್ಲ. ಹೇಳದೆ ಇರಲು ಅವರಿಗೆ ಕಾರಣವಿತ್ತು. ಆ ಕಾರಣವನ್ನು ಊಹಿಸಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸಲವಾದರೂ ನಾನೇ ಕೇಳಿದ್ದರೆ, ಬರೆದುಕೊಳ್ಳುವವಳಿಗೆ ಹೇಳುತ್ತಿದ್ದರೋ ಏನೋ... ಕೇಳಲಿಲ್ಲ.

ಈ ಭಾನುವಾರ ಕಿತ್ತೂರಿಗೆ ಹೊರಟಿದ್ದೇವೆ. ಈಗ ಮೋಟಾರು ಇದೆ, ತಂಗಬೇಕಾಗಿಲ್ಲ. ಇಬ್ಬರು ತಂದೆಯರು ಬಂದು ಊಟದ ನಿಯಮದ ಬಗ್ಗೆ ಕೇಳಿಹೋಗಿದ್ದಾರೆ. ನಿಯಮ ಬದಲಿಸುವುದಿಲ್ಲ ಎಂದು ಹೇಳಿದೆ. ಅವರಲ್ಲಿ ಒಬ್ಬರ ತಾಯಿಯ ತವರು ಕಿತ್ತೂರಂತೆ. ಆ ತಾಯಿಗೂ ಬರಲು ಹೇಳಿ ಕಳಿಸಿದ್ದೇನೆ.

ಹೊಸ ಹಿಟ್ಟು ಪಕ್ಕದ ಮನೆಯಿಂದಲೇ ತಂದು ಚೀಲಕ್ಕೆ ತುಂಬಿಟ್ಟಿದ್ದೇನೆ. ಗಂಟು ಬಿಚ್ಚುವ ಮೊದಲು ಈ ಸಲ ನನ್ನ ಸರದಿಯನ್ನು ಮುಂದೆ ಹಾಕುವುದಿಲ್ಲ. ಅಕ್ಕೋರ ಮಾತು ಹೇಳುತ್ತೇನೆ. ಯಾರಾದರೂ ಹುಡುಗಿ, ಅವರು ಯಾರ ಪೈಕಿ ಎಂದು ಕೇಳೇ ಕೇಳುತ್ತಾಳೆ. ನಮ್ಮ ಪೈಕಿ ಎನ್ನುತ್ತೇನೆ. ಉಳಿದದ್ದು ಆ ಕಲ್ಲಿನಂತೆ ಅಲ್ಲೇ ಒಡೆದಿದೆ.